ಮುಖ ಬೆಳ್ಳಗಾಗಬೇಕಿಲ್ಲ, ಬೆಳಕು ಮೆತ್ತಗಾದರೆ ಸಾಕು

ವಾರಾಂತ್ಯಕ್ಕೆ ಕಳಸ, ಸಂಸೆ, ಕುದುರೆಮುಖದ ಕಡೆ ಹೋದರೆ ಒಂದಾದರೂ ಪ್ರಿ-ವೆಡ್ಡಿಂಗ್ ಶೂಟ್ ಕಣ್ಣಿಗೆ ಬೀಳುತ್ತೆ. ಹುಲ್ಲಿನ ಗುಡ್ಡ, ಟೀ ತೋಟ, ಮಂಜು, ನೆಲ ಗುಡಿಸೋ ಗೌನು. ಆಲ್ಬಮ್ ಬಂದಮೇಲೆ ನೋಡಿ: ಗುಡ್ಡ ಗುಡ್ಡದ ಹಾಗೇ ಇರುತ್ತೆ, ಹುಡುಗ-ಹುಡುಗಿ ಮಾತ್ರ ಎರಡು ಪಟ್ಟು ಬೆಳ್ಳಗಾಗಿರುತ್ತಾರೆ. ಚರ್ಮಕ್ಕೆ ಮೇಣ ಸವರಿದಂತಿರುತ್ತೆ. ‘ಫೋಟೊ ಚೆನ್ನಾಗಿ ಬಂದಿದೆ’ ಅಂದರೆ ನಮ್ಮಲ್ಲಿ ಎಷ್ಟೋ ಸಲ ‘ಬೆಳ್ಳಗೆ ಬಂದಿದೆ’ ಅಂತಲೇ ಅರ್ಥ.

ಬಿಳಿ ಬಣ್ಣದ ಮೇಲಿನ ನಮ್ಮ ಮೋಹ ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ತಾಂತ್ರಿಕವಾದದ್ದು. ಕ್ಯಾಮೆರಾದ ಮೀಟರ್ ಇಡೀ ದೃಶ್ಯದ ಸರಾಸರಿಯನ್ನು ಮಧ್ಯಮ ಬೂದು ಮಟ್ಟಕ್ಕೆ ತರಲು ನೋಡುತ್ತೆ. ಹಿಂದೆಲ್ಲ ಬಿಳಿ ಮಂಜು ತುಂಬಿದ್ದರೆ ಎಕ್ಸ್‌ಪೋಶರ್ ಇಳಿಸಿಬಿಡುತ್ತೆ. ಆಗ ಕಪ್ಪು ಅಥವಾ ಗೋಧಿ ಮೈಬಣ್ಣದ ಮುಖ ಮಸಿ ಬಳಿದಂತಾಗುತ್ತೆ. ಅದನ್ನು ಸಾಫ್ಟ್‌ವೇರ್‌ನಲ್ಲಿ ಎತ್ತಲು ಹೋದರೆ ಬಣ್ಣ ಸತ್ತು ಬೂದಿ ಹೊಡೆಯುತ್ತೆ. ಆ ಬೂದಿ ಮುಚ್ಚಲು ಮತ್ತಷ್ಟು ಬಿಳುಪು, ಮತ್ತಷ್ಟು ನುಣುಪು. ಮುಖಕ್ಕೆ ಬೆಳಕು ಕೊಡಬೇಕಾದ ಕಡೆ ಬಣ್ಣ ಬಳಿಯುವ ಕೆಲಸ ಇದು.

ಮೆತ್ತನೆ ಬೆಳಕು ಎಂದರೇನು?

ಎಂಜಿನಿಯರಿಂಗ್ ಓದಿದವರಿಗೆ ಇದು ಸರಳ ಜ್ಯಾಮಿತಿ. ಬೆಳಕಿನ ಮೂಲ ಮುಖಕ್ಕೆ ಎಷ್ಟು ದೊಡ್ಡದಾಗಿ ‘ಕಾಣುತ್ತೆ’ ಅನ್ನುವುದರ ಮೇಲೆ ನೆರಳಿನ ಅಂಚು ನಿಂತಿದೆ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿ.ಮೀ., ಆದರೆ 15 ಕೋಟಿ ಕಿ.ಮೀ. ದೂರದಲ್ಲಿರುವುದರಿಂದ ನಮಗೆ ಕಾಣೋದು ಅರ್ಧ ಡಿಗ್ರಿಯಷ್ಟೇ. ಹಾಗಾಗಿ ಮಧ್ಯಾಹ್ನದ ಬಿಸಿಲಲ್ಲಿ ಮೂಗಿನ ನೆರಳು ಚಾಕುವಿನಲ್ಲಿ ಕೊಯ್ದಂತೆ ಬೀಳುತ್ತೆ. ಒಂದು ಮೀಟರ್ ಅಗಲದ ಬಿಳಿ ಕೊಡೆಯನ್ನು ಒಂದು ಮೀಟರ್ ದೂರದಲ್ಲಿಟ್ಟರೆ ಅದು ಐವತ್ತು ಡಿಗ್ರಿಗೂ ಹೆಚ್ಚು ಜಾಗ ತುಂಬುತ್ತೆ, ನೆರಳು ಕರಗುತ್ತೆ. ಅದೇ ಕೊಡೆಯನ್ನು ನಾಲ್ಕು ಮೀಟರ್ ಆಚೆ ಸರಿಸಿ, ಹದಿನಾಲ್ಕು ಡಿಗ್ರಿಗೆ ಇಳಿದು ಮತ್ತೆ ಗಡುಸಾಗುತ್ತೆ.

ಭಾರತೀಯ ಸಿನಿಮಾದ ಇಬ್ಬರು ಛಾಯಾಗ್ರಾಹಕರ ಕೆಲಸದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತೆ. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಸ್ಟುಡಿಯೊ ಒಳಗೆ ತಂದರು. ಕನ್ನಡಿ ಸೂರ್ಯನನ್ನು ಸೂರ್ಯನಾಗಿಯೇ ಕಳಿಸುತ್ತೆ, ಅದಕ್ಕೇ ಆ ಬೆಳಕು ಕಂಬದ ಹಾಗೆ ನಿಂತಿದೆ. ಅದಕ್ಕೂ ಮುಂಚೆ, 1956ರ ‘ಅಪರಾಜಿತೊ’ದಲ್ಲಿ ಸುಬ್ರತ ಮಿತ್ರ ಕಾಶಿಯ ಮನೆಯ ಸೆಟ್‌ನ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ಕೆಳಗಿನಿಂದ ದೀಪಗಳನ್ನು ಅದಕ್ಕೆ ಹೊಡೆದರು. ಬಟ್ಟೆ ಬೆಳಕನ್ನು ಚದುರಿಸಿ ತಾನೇ ಒಂದು ಆಕಾಶವಾಯಿತು. ಗಡುಸು ಬೇಕಿದ್ದರೆ ಕನ್ನಡಿ, ಮೆತ್ತನೆ ಬೇಕಿದ್ದರೆ ಬಟ್ಟೆ. ರಿಫ್ಲೆಕ್ಟರ್ ಕೊಳ್ಳುವವರು ಇಷ್ಟು ನೆನಪಿಟ್ಟುಕೊಂಡರೆ ಸಾಕು: ಬೆಳ್ಳಿ ಬಣ್ಣದ್ದು ಕನ್ನಡಿಯ ಸಂಬಂಧಿ, ಬಿಳಿಯದು ಬಟ್ಟೆಯ ಸಂಬಂಧಿ. ಚಿನ್ನದ ಬಣ್ಣದ್ದು ಮುಖಕ್ಕೆ ಅರಿಶಿನ ಹಚ್ಚುತ್ತೆ, ಬಿಟ್ಟುಬಿಡಿ.

ತೋಟದಲ್ಲಿ ಬಿಟ್ಟಿ ಸ್ಟುಡಿಯೊ

ಮೂಡಿಗೆರೆ, ಕಳಸದ ಕಾಫಿ ಬೆಳೆಯೋದು ಮರದ ನೆರಳಿನಲ್ಲಿ. ಸಿಲ್ವರ್ ಓಕ್ ಸಾಲಿನ ಕೆಳಗೆ ನಿಂತರೆ ಮುಖದ ಮೇಲೆ ಬಿಸಿಲಿನ ಚುಕ್ಕೆ, ಜೊತೆಗೆ ಎಲೆಗಳಿಂದ ಸೋಸಿಬಂದ ಹಸಿರು. ಅಲ್ಲಿ ತೆಗೆದ ಫೋಟೊದಲ್ಲಿ ಎಲ್ಲರೂ ಕಾಯಿಲೆ ಬಿದ್ದವರಂತೆ ಕಾಣುತ್ತಾರೆ.

ಒಳ್ಳೆ ಜಾಗ ತೋಟದ ಮನೆಯ ಮುಂದೆಯೇ ಇದೆ, ಅದು ಕಾಫಿ ಒಣಗಿಸುವ ಕಣ. ಬಿಸಿಲು ಬಿದ್ದ ಸಿಮೆಂಟಿನ ಕಣಕ್ಕಿಂತ ದೊಡ್ಡ ರಿಫ್ಲೆಕ್ಟರ್ ಯಾವ ಅಂಗಡಿಯಲ್ಲೂ ಸಿಗಲ್ಲ. ಕಣದ ಕಡೆ ಮುಖ ಮಾಡಿ, ಜಗಲಿಯ ಅಂಚಿನಿಂದ ಒಂದು ಹೆಜ್ಜೆ ಒಳಗೆ ನಿಲ್ಲಿಸಿ. ಮೇಲಿನ ಬಿಸಿಲನ್ನು ಮಾಡು ತಡೆಯುತ್ತೆ, ಎದುರಿನ ಆಕಾಶ ಮುಖ ಬೆಳಗುತ್ತೆ, ಕಣ ಕೆಳಗಿನಿಂದ ಕಣ್ಣಿನ ಗುಳಿ ತುಂಬುತ್ತೆ. ಪಾರ್ಚ್‌ಮೆಂಟ್ ಹರಡಿದ್ದರೆ ಇನ್ನೂ ಒಳ್ಳೆಯದು. ಒಣಗಿದ ಚೆರಿ ಹರಡಿದ್ದರೆ ಅದು ಕಪ್ಪು, ಬೆಳಕು ನುಂಗುತ್ತೆ.

ಬಯಲು ಗುಡ್ಡದಲ್ಲಿ ಕಣವೂ ಇಲ್ಲ, ಜಗಲಿಯೂ ಇಲ್ಲ. ಅಲ್ಲಿ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ, ಎದುರಿನಿಂದ ಥರ್ಮಾಕೋಲ್ ಶೀಟು ಅಥವಾ ಬಿಳಿ ಪಂಚೆ ಹಿಡಿಸಿ. ಎದೆಯ ಮಟ್ಟಕ್ಕೆ, ಪಕ್ಕಕ್ಕೆ ಹಿಡಿಯಬೇಕು. ಗದ್ದದ ಕೆಳಗಿನಿಂದ ಹೊಡೆದರೆ ನಾಟಕದ ಭೂತ ಆಗುತ್ತೆ. ರಿಫ್ಲೆಕ್ಟರ್ ಬೆಳಕು ಹುಟ್ಟಿಸಲ್ಲ, ಇದ್ದದ್ದನ್ನು ತಿರುಗಿಸುತ್ತೆ ಅಷ್ಟೇ. ಹಾಗಾಗಿ ಮಳೆಗಾಲದಲ್ಲಿ ಅದರ ಆಟ ಹೆಚ್ಚು ನಡೆಯಲ್ಲ.

ಮಂಜಿನಲ್ಲಿ ಫ್ಲ್ಯಾಶ್

ಮೋಡ ಕವಿದಾಗ ಇಡೀ ಆಕಾಶವೇ ಮೆತ್ತನೆ ದೀಪ, ಆದರೆ ಅದು ನೆತ್ತಿಯ ಮೇಲಿದೆ. ಕಣ್ಣು ಗುಳಿ ಬೀಳುತ್ತೆ, ಮುಖ ಚಪ್ಪಟೆಯಾಗುತ್ತೆ. ಆಗ ಫ್ಲ್ಯಾಶ್ ಬೇಕು. ಕ್ಯಾಮೆರಾದ ತಲೆಯ ಮೇಲೆ ಮಾತ್ರ ಬೇಡ. ಅಲ್ಲಿಂದ ಹೊಡೆದರೆ ಮಂಜಿನ ಹನಿಗಳಿಗೆ ತಾಗಿ ಬೆಳಕು ವಾಪಸ್ ಬರುತ್ತೆ, ಫೋಟೊ ತುಂಬ ಬಿಳಿ ಚುಕ್ಕೆ. ಅದನ್ನು ಬಿಚ್ಚಿ, ವೈರ್‌ಲೆಸ್ ಟ್ರಿಗರ್ ಹಾಕಿ, ಬಿಳಿ ಕೊಡೆಯ ಮೂಲಕ ಪಕ್ಕದಿಂದ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲಿನಿಂದ ಕೊಡಿ.

ಕ್ರಮ ಹೀಗೆ. ಮೊದಲು ಫ್ಲ್ಯಾಶ್ ಆಫ್ ಮಾಡಿ, ಹಿಂದಿನ ಗುಡ್ಡ ಸರಿಯಾಗಿ ಕಾಣುವಂತೆ ಎಕ್ಸ್‌ಪೋಶರ್ ಹೊಂದಿಸಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಶಟರ್ 1/200 ಅಥವಾ 1/250 ಸೆಕೆಂಡು ದಾಟದಿರಲಿ. ಆಮೇಲೆ ಕಡಿಮೆ ಪವರ್‌ನಲ್ಲಿ ಫ್ಲ್ಯಾಶ್ ಸೇರಿಸಿ. ಫ್ಲ್ಯಾಶ್ ಮಿಂಚಿ ಮುಗಿಯೋದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ, ಆದ್ದರಿಂದ ಶಟರ್ ಬದಲಿಸಿದರೆ ಗುಡ್ಡದ ಬೆಳಕು ಬದಲಾಗುತ್ತೆ, ಮುಖದ ಮೇಲಿನ ಫ್ಲ್ಯಾಶ್ ಬದಲಾಗಲ್ಲ. ಮುಖಕ್ಕೆ ಹೆಚ್ಚು-ಕಡಿಮೆ ಮಾಡಲು ಫ್ಲ್ಯಾಶ್‌ನ ಪವರ್ ಅಥವಾ ದೂರ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕಿಳಿಯುತ್ತೆ.

ಕೊಡೆಯನ್ನು ಒಬ್ಬರು ಹಿಡಿದೇ ಇರಲಿ, ಗುಡ್ಡದ ಗಾಳಿಗೆ ಸ್ಟ್ಯಾಂಡ್ ನಿಲ್ಲಲ್ಲ. ಫ್ಲ್ಯಾಶ್ ಒಳಗಿನ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಇರುತ್ತೆ, ಮಳೆಗೆ ಒಡ್ಡಬೇಡಿ. ರಾಷ್ಟ್ರೀಯ ಉದ್ಯಾನದೊಳಗೆ ಶೂಟ್ ಮಾಡುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ.

ಯಾರ ಮುಖಕ್ಕೆ?

ಕಪ್ಪು ಚರ್ಮದ ಮುಖದ ಉಬ್ಬು-ತಗ್ಗು ನಮಗೆ ಗೊತ್ತಾಗೋದು ಹೆಚ್ಚಾಗಿ ಅದರ ಮೇಲಿನ ಹೊಳಪಿನಿಂದ. ಪುಟ್ಟ ಫ್ಲ್ಯಾಶ್ ಹಣೆಯ ಮೇಲೆ ಎಣ್ಣೆಯ ಚುಕ್ಕೆ ಇಡುತ್ತೆ. ಅಗಲವಾದ ಬೆಳಕು ಕೆನ್ನೆಯುದ್ದಕ್ಕೂ ಹೊಳಪು ಹರಡುತ್ತೆ, ಬಣ್ಣ ಅದರದ್ದೇ ಬಣ್ಣವಾಗಿ ಉಳಿಯುತ್ತೆ. ಅಂದರೆ ಈ ವಿದ್ಯೆ ಹೆಚ್ಚು ಬೇಕಿರೋದು ನಮ್ಮಂಥ ಮೈಬಣ್ಣದವರಿಗೇ.

ಪ್ರಿ-ವೆಡ್ಡಿಂಗ್ ಜೋಡಿಗೆ ಐನೂರು ಫೋಟೊ ಇರುತ್ತೆ, ಒಂದು ಕೆಟ್ಟರೆ ನಷ್ಟವಿಲ್ಲ. ಆದರೆ ಲೈನ್ ಮನೆಗಳ ಗೋಡೆಯ ಮೇಲೆ ಹಾರ ಹಾಕಿದ ಫೋಟೊ ಎಷ್ಟೋ ಸಲ ವೋಟರ್ ಕಾರ್ಡಿನಿಂದ ಹಿಗ್ಗಿಸಿದ್ದು. ಜೀವಮಾನವಿಡೀ ಕಾಫಿ ಕುಯ್ದವರದ್ದು ಅಂತ ಉಳಿಯೋದು ಆ ಒಂದು ಮಸುಕು ಮುಖ. ಕ್ಯಾಮೆರಾ, ಒಳ್ಳೆ ಫೋನು ಇದ್ದವರು ಈ ಕುಯ್ಲಿನ ಹೊತ್ತಿಗೆ ಅವರನ್ನು ಕೇಳಿ, ಒಪ್ಪಿದರೆ ಕಣದ ಎದುರು ಐದು ನಿಮಿಷ ಕೂರಿಸಿ. ಪ್ರಿಂಟ್ ಹಾಕಿಸಿ ಕೈಗೆ ಕೊಡಿ. ಯಾವ ಫಿಲ್ಟರೂ ಬೇಡ.