ರಿಮೋಟಿನ ಬೆನ್ನಲ್ಲಿ ಆರು ತೂತು

ಪಟಾನ್‌ಚೆರುವಿನ ಕಾರ್ಖಾನೆಗಳಲ್ಲಿ ದುಡಿಯುವ ಕನ್ನಡಿಗರಲ್ಲಿ ಬೀದರ್, ಕಲಬುರಗಿ ಕಡೆಯವರು ಸಾಕಷ್ಟಿದ್ದೇವೆ. ಹುಮನಾಬಾದ್ ಮೇಲಿಂದ ಬರುವ ರಾಷ್ಟ್ರೀಯ ಹೆದ್ದಾರಿ 65 ನಮ್ಮ ಬಾಗಿಲ ಮುಂದೆ ಹಾದು ಹೈದರಾಬಾದಿಗೆ ಹೋಗುತ್ತದೆ. ಬೆಳಿಗ್ಗೆ ಊರಲ್ಲಿ ಬಸ್ಸು ಹತ್ತಿದವರು ಮಧ್ಯಾಹ್ನದ ಊಟಕ್ಕೆ ಇಲ್ಲಿರುತ್ತಾರೆ. ಹಾಗಾಗಿ ಹಿರಿಯರು ಬಂದು ಹೋಗುವುದೂ ಜಾಸ್ತಿ. ಕಷ್ಟ ಶುರುವಾಗುವುದು ಅವರು ಬಂದ ಮೇಲೆ. ಮಗ ಶಿಫ್ಟಿಗೆ, ಸೊಸೆ ಆಫೀಸಿಗೆ, ಮಕ್ಕಳು ಶಾಲೆಗೆ. ಫ್ಲ್ಯಾಟಿನಲ್ಲಿ ಉಳಿದವರ ಜೊತೆ ಸಂಜೆವರೆಗೂ ಕನ್ನಡದಲ್ಲಿ ಮಾತನಾಡುವುದು ಟಿ.ವಿ. ಒಂದೇ.

ಆ ಟಿ.ವಿ.ಯ ಬಾಯಿ ತೆರೆಸುವುದು ಸುಲಭದ ಕೆಲಸವಲ್ಲ. ಒಂದು ರಿಮೋಟಿನಲ್ಲಿ ಟಿ.ವಿ. ಹಚ್ಚಬೇಕು, ಅದರಲ್ಲೇ ಎಚ್‌ಡಿಎಂಐ ಆರಿಸಬೇಕು. ಇನ್ನೊಂದು ರಿಮೋಟಿನಲ್ಲಿ ಸೆಟ್‌ಟಾಪ್ ಬಾಕ್ಸ್ ಎಬ್ಬಿಸಿ, ತೆಲುಗು ಚಾನೆಲ್‌ಗಳ ಸಾಲು ದಾಟಿ, ಮೂರೋ ನಾಲ್ಕೋ ಅಂಕಿ ಒತ್ತಿದರೆ ಕನ್ನಡ ಬರುತ್ತದೆ. ನಡುವೆ ಕೈತಪ್ಪಿ ‘ಸೋರ್ಸ್’ ಗುಂಡಿ ಒತ್ತಿದರೆ ‘ನೋ ಸಿಗ್ನಲ್’. ಆಮೇಲೆ ಸಂಜೆ ಯಾರಾದರೂ ಮನೆಗೆ ಬರುವ ತನಕ ಕಾಯಬೇಕು. ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ, ಇಂಗ್ಲಿಷ್ ಅಕ್ಷರ ಗೊತ್ತಿಲ್ಲದವರಿಗೆ ಇದು ಸಣ್ಣ ಮಾತಲ್ಲ.

ಇದಕ್ಕೆ ಹೊಸ ಟಿ.ವಿ. ಕೊಳ್ಳಬೇಕಿಲ್ಲ. ಒಂದು ಯೂನಿವರ್ಸಲ್ ರಿಮೋಟ್, ಕೆಲವು ನೂರು ರೂಪಾಯಿಯ ಬಿಡಿಭಾಗ, ಒಂದು ಭಾನುವಾರ ಇದ್ದರೆ ಸಾಕು. ಆ ರಿಮೋಟನ್ನು ಕಂಪ್ಯೂಟರಿಗೆ ಜೋಡಿಸುವ ಕೇಬಲ್ಲನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಎಲೆಕ್ಟ್ರಾನಿಕ್ಸ್ ಓದಿದವರೇ ಆಗಬೇಕೆಂದಿಲ್ಲ. ಬೆಸುಗೆ ಹಾಕುವ ತಾಳ್ಮೆ ಬೇಕು, ಅಷ್ಟೆ.

ಕಾಣದ ಬೆಳಕಿನ ಭಾಷೆ

ರಿಮೋಟಿನ ಮೂತಿಯಲ್ಲಿರುವ ಎಲ್‌ಇಡಿ ಸಾಮಾನ್ಯವಾಗಿ 940 ನ್ಯಾನೋಮೀಟರ್ ಅಲೆಯುದ್ದದ ಅವಕೆಂಪು ಬೆಳಕು ಬೀರುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ, ಮೊಬೈಲ್ ಕ್ಯಾಮೆರಾಕ್ಕೆ ಕಾಣುತ್ತದೆ. ಗುಂಡಿ ಒತ್ತಿ ಹಿಡಿದು ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ನೋಡಿ. ನೇರಳೆ ಚುಕ್ಕಿ ಮಿನುಗಿದರೆ ರಿಮೋಟಿಗೆ ಜೀವವಿದೆ. ಮಿನುಗದಿದ್ದರೆ ಮೊದಲು ಸೆಲ್ಲಿನ ಸ್ಪ್ರಿಂಗ್ ನೋಡಿ. ಸೋರಿದ ಸೆಲ್ಲಿನ ಬಿಳಿ ಪುಡಿ ಅಂಟಿಕೊಂಡು ಸತ್ತಂತೆ ಕಾಣುವ ರಿಮೋಟುಗಳೇ ಹೆಚ್ಚು. ಸ್ವಲ್ಪ ವಿನೆಗರ್ ಹಚ್ಚಿ ಒರೆಸಿ ಒಣಗಿಸಿದರೆ ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಬೆಳಕು ಸುಮ್ಮನೆ ಉರಿಯುವುದಿಲ್ಲ, ಸೆಕೆಂಡಿಗೆ ಸುಮಾರು 38,000 ಸಲ ಮಿಡಿಯುತ್ತದೆ. ಟ್ಯೂಬ್‌ಲೈಟ್, ಬಿಸಿಲುಗಳ ಗದ್ದಲದಲ್ಲಿ ಟಿ.ವಿ. ಈ ಮಿಡಿತವನ್ನು ಮಾತ್ರ ಹೆಕ್ಕಿಕೊಳ್ಳುತ್ತದೆ. ಹೆಚ್ಚು ಬಳಕೆಯಲ್ಲಿರುವ ಎನ್‌ಇಸಿ ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡಿನ ಉದ್ದನೆಯ ಮಿಂಚು, ನಂತರ 4.5 ಮಿಲಿಸೆಕೆಂಡ್ ಮೌನ. ಬಾಗಿಲು ಬಡಿದು ‘ಯಾರಿದ್ದೀರಿ’ ಎಂದು ಕೇಳಿದ ಹಾಗೆ. ಆಮೇಲೆ 32 ಬಿಟ್‌ಗಳು ಬರುತ್ತವೆ. ಪ್ರತಿ ಬಿಟ್ಟಿನಲ್ಲೂ ಮಿಂಚಿನ ಉದ್ದ ಒಂದೇ. ನಂತರದ ಮೌನ ಗಿಡ್ಡವಾದರೆ ಸೊನ್ನೆ, ಉದ್ದವಾದರೆ ಒಂದು. ಮೂಲ ಪದ್ಧತಿಯಲ್ಲಿ 8 ಬಿಟ್ ಯಂತ್ರದ ವಿಳಾಸಕ್ಕೆ, 8 ಬಿಟ್ ಆಜ್ಞೆಗೆ. ಕೇಳುವವರು ತಪ್ಪಾಗಿ ಕೇಳಿಸಿಕೊಳ್ಳಬಾರದೆಂದು ಎರಡನ್ನೂ ತಿರುವುಮುರುವಾಗಿ ಇನ್ನೊಮ್ಮೆ ಹೇಳಲಾಗುತ್ತದೆ. ಫಿಲಿಪ್ಸ್‌ನ ಆರ್‌ಸಿ–5 ಪದ್ಧತಿಯ ವ್ಯಾಕರಣ ಬೇರೆ, ಮಿಡಿತವೂ 36,000.

ಯೂನಿವರ್ಸಲ್ ರಿಮೋಟ್ ಅಂದರೆ ಇಂಥ ಹಲವು ಭಾಷೆ ಬಲ್ಲ ದುಭಾಷಿ. ಆದರೆ ಕಾರ್ಖಾನೆಯಲ್ಲಿ ಕಲಿಸಿದಷ್ಟೇ ಅದಕ್ಕೆ ಗೊತ್ತು. ಕೈಪಿಡಿಯಲ್ಲಿರುವ ಸಂಖ್ಯೆಗಳನ್ನೆಲ್ಲ ಒತ್ತಿ ನೋಡಿದರೂ ನಿಮ್ಮ ಬಾಕ್ಸಿನ ಭಾಷೆ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ರಿಮೋಟು ಮೂಕ. ಕೇಬಲ್ ಬೇಕಾಗುವುದು ಇಲ್ಲಿ. ಅದು ರಿಮೋಟಿಗೆ ಹೊಸ ಭಾಷೆ ಕಲಿಸುವ ಬಳಪ.

ಜೆಪಿ1 ಎಂಬ ಹಿತ್ತಿಲ ಬಾಗಿಲು

ರಿಮೋಟನ್ನು ಕಂಪ್ಯೂಟರಿಗೆ ಜೋಡಿಸುವ ಯೋಚನೆ ಹಳೆಯದು. ಆಪಲ್ ಕಂಪನಿಯ ಸಹಸಂಸ್ಥಾಪಕ ಸ್ಟೀವ್ ವೋಜ್ನಿಯಾಕ್ ಅಲ್ಲಿಂದ ಹೊರಬಂದು ಕಟ್ಟಿದ ಸಿಎಲ್ 9 ಕಂಪನಿ 1987ರಲ್ಲಿ ‘ಕೋರ್’ ಎಂಬ ರಿಮೋಟ್ ಮಾರುಕಟ್ಟೆಗೆ ತಂದಿತು. ಅದಕ್ಕೆ ಕಂಪ್ಯೂಟರಿನ ಜೊತೆ ಮಾತನಾಡುವ ಸೀರಿಯಲ್ ಸಂಪರ್ಕವಿತ್ತು. ಸಾಮಾನ್ಯರ ಕೈಗೆಟುಕದಷ್ಟು ಜಟಿಲವಾದ ಆ ರಿಮೋಟ್ ಹೆಚ್ಚು ಬಾಳಲಿಲ್ಲ.

ಬಾಳಿದ್ದು 1986ರಲ್ಲಿ ಅಮೆರಿಕದಲ್ಲಿ ಶುರುವಾದ ಯೂನಿವರ್ಸಲ್ ಎಲೆಕ್ಟ್ರಾನಿಕ್ಸ್ ಕಂಪನಿಯ ‘ಒನ್ ಫಾರ್ ಆಲ್’ ರಿಮೋಟು. ಈ ಕಂಪನಿಗೆ ನಮ್ಮ ಬೆಂಗಳೂರಿನಲ್ಲೂ ಎಂಜಿನಿಯರಿಂಗ್ ಕೇಂದ್ರವಿದೆ. ಅದರ ಹಲವು ರಿಮೋಟುಗಳಲ್ಲಿ ಸೆಲ್ಲಿನ ಮುಚ್ಚಳ ತೆಗೆದರೆ ಮೂರು ಮೂರರಂತೆ ಎರಡು ಸಾಲಿನಲ್ಲಿ ಆರು ತೂತು ಅಥವಾ ಆರು ಪಿನ್ ಕಾಣುತ್ತವೆ. ಒಳಗಿನ ಬೋರ್ಡಿನ ಮೇಲೆ ಅಲ್ಲಿ ‘ಜೆಪಿ1’ ಎಂದು ಅಚ್ಚಾಗಿತ್ತು. ಹವ್ಯಾಸಿಗಳು ಅದನ್ನೇ ಹೆಸರಾಗಿಸಿಕೊಂಡರು.

ಹಳೆಯ ಮಾದರಿಗಳಲ್ಲಿ ಆ ಆರು ಪಿನ್ನುಗಳು ರಿಮೋಟಿನ ನೆನಪಿನ ಚಿಪ್ಪಿಗೆ ನೇರ ದಾರಿ. ಚಿಪ್ಪಿನ ಸಾಮರ್ಥ್ಯ 1 ಅಥವಾ 2 ಕಿಲೋಬೈಟ್. ಯೂನಿಕೋಡ್ ಕನ್ನಡದಲ್ಲಿ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಅಂದರೆ ಈ ಲೇಖನದ ಒಂದು ಪ್ಯಾರಾ ಕೂಡ ಒಂದು ಕಿಲೋಬೈಟಿನಲ್ಲಿ ಹಿಡಿಸುವುದು ಕಷ್ಟ. ಅಷ್ಟು ಕಿರಿದಾದ ಜಾಗದಲ್ಲೇ ಹವ್ಯಾಸಿಗಳು ಹೊಸ ಯಂತ್ರದ ಸಂಕೇತ ತುಂಬಿದರು, ಗುಂಡಿಗಳ ಅರ್ಥ ಬದಲಿಸಿದರು. ಆಗ ಕೇಬಲ್ ಜೋಡಿಸುತ್ತಿದ್ದುದು ಕಂಪ್ಯೂಟರಿನ 25 ಪಿನ್ನಿನ ಪ್ರಿಂಟರ್ ಪೋರ್ಟಿಗೆ. ಆ ಪೋರ್ಟ್ ಈಗ ಯಾವ ಲ್ಯಾಪ್‌ಟಾಪಿನಲ್ಲೂ ಇಲ್ಲ. ನಂತರದ ಮಾದರಿಗಳು ಸೀರಿಯಲ್ ಸಂಪರ್ಕಕ್ಕೆ ಬದಲಾದವು. ಇದು ನಮ್ಮಂಥವರಿಗೆ ಒಳ್ಳೆಯದೇ ಆಯಿತು, ಏಕೆಂದರೆ ಅದಕ್ಕೆ ಬೇಕಾದ ಯುಎಸ್‌ಬಿ ಬೋರ್ಡು ಪೇಟೆಯಲ್ಲಿ ಸಿದ್ಧವಾಗಿ ಸಿಗುತ್ತದೆ.

ಕೋಠಿಯ ಸಾಮಾನು, ಮನೆಯ ಕೇಬಲ್

ಬೆಂಗಳೂರಿಗೆ ಎಸ್‌.ಪಿ. ರಸ್ತೆ ಇದ್ದಂತೆ ಹೈದರಾಬಾದಿಗೆ ಕೋಠಿಯ ಗುಜರಾತಿ ಗಲ್ಲಿ. ಪಟಾನ್‌ಚೆರುವಿನಿಂದ ಸುಮಾರು 30 ಕಿ.ಮೀ. ನಮ್ಮ ಕಡೆಯವರಿಗೆ ಅಲ್ಲೊಂದು ಅನುಕೂಲವಿದೆ. ತೆಲುಗು ಬಾರದಿದ್ದರೂ ಬೀದರ್‌ನ ದಖನಿಯಲ್ಲಿ ವ್ಯಾಪಾರ ಮುಗಿಸಬಹುದು. ಆರು ತೂತಿನ ರಿಮೋಟು ಅಂಗಡಿಯಲ್ಲಿ ಹೊಸದಾಗಿ ಸಿಗುವುದು ಅಪರೂಪ. ಅಮೆರಿಕದಿಂದ ಮರಳಿದ ಗೆಳೆಯರ ಅಟ್ಟದಲ್ಲಿ, ಇಲ್ಲವೇ ದಾರಿಯಲ್ಲೇ ಸಿಗುವ ಎರ್ರಗಡ್ಡದ ಭಾನುವಾರದ ಸಂತೆಯಲ್ಲಿ ಹುಡುಕಬೇಕು.

ಕೇಬಲ್ಲಿಗೆ ಬೇಕಾದ್ದು ಇಷ್ಟು: 3.3 ವೋಲ್ಟಿನ ಯುಎಸ್‌ಬಿ–ಸೀರಿಯಲ್ ಬೋರ್ಡು, ಎರಡು ಸಾಲಿನ ಆರು ಪಿನ್ನಿನ ಕನೆಕ್ಟರ್, ಅರ್ಧ ಅಡಿ ರಿಬ್ಬನ್ ವೈರು. ಬೋರ್ಡಿನಲ್ಲಿ ಎಫ್‌ಟಿಡಿಐ ಕಂಪನಿಯ ಚಿಪ್ ಇದ್ದರೆ ಉತ್ತಮ, ಆದರೆ ನಕಲಿ ಹೆಚ್ಚು. 2014ರಲ್ಲಿ ಆ ಕಂಪನಿ ವಿಂಡೋಸ್ ಮೂಲಕ ಬಿಟ್ಟ ಚಾಲಕ ತಂತ್ರಾಂಶವೊಂದು ನಕಲಿ ಚಿಪ್‌ಗಳನ್ನು ಕಂಪ್ಯೂಟರ್ ಗುರುತಿಸದಂತೆ ಮಾಡಿ ದೊಡ್ಡ ಗಲಾಟೆಯಾಗಿತ್ತು. ಹತ್ತು ರೂಪಾಯಿ ಜಾಸ್ತಿಯಾದರೂ ಪರಿಚಯದ ಅಂಗಡಿಯಲ್ಲೇ ಕೊಳ್ಳಿ.

ಜೋಡಣೆ ನಾಲ್ಕು ತಂತಿಯದು. ನೆಲದ ತಂತಿ ನೆಲಕ್ಕೆ. ಬೋರ್ಡ್ ಕಳುಹಿಸುವ ತಂತಿ ರಿಮೋಟ್ ಕೇಳಿಸಿಕೊಳ್ಳುವ ಪಿನ್ನಿಗೆ, ರಿಮೋಟ್ ಕಳುಹಿಸುವ ಪಿನ್ ಬೋರ್ಡ್ ಕೇಳಿಸಿಕೊಳ್ಳುವ ಕಡೆಗೆ. ನಾಲ್ಕನೆಯದು ರಿಮೋಟಿನ ಪ್ರೊಸೆಸರನ್ನು ಮರುಚಾಲನೆ ಮಾಡುವ ತಂತಿ. ಬೋರ್ಡಿನಿಂದ ವಿದ್ಯುತ್ ಕೊಡಬೇಡಿ, ರಿಮೋಟಿನ ಎರಡು ಸೆಲ್ಲುಗಳೇ ಸಾಕು. 5 ವೋಲ್ಟ್ ತಗುಲಿದರೆ ಚಿಪ್ ಸುಟ್ಟೀತು. ನೆಲದ ಪಿನ್ ಯಾವುದೆಂದು ಖಚಿತ ಮಾಡಿಕೊಳ್ಳಲು ಸೆಲ್ ತೆಗೆದು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಸೆಲ್ಲಿನ ಋಣ ತುದಿಯ ಸ್ಪ್ರಿಂಗಿಗಿಟ್ಟು, ಇನ್ನೊಂದರಿಂದ ಪಿನ್ನುಗಳನ್ನು ಒಂದೊಂದಾಗಿ ಮುಟ್ಟಿ. ‘ಬೀಪ್’ ಎಂದದ್ದೇ ನೆಲ. ಪ್ರಿಂಟರ್ ಪೋರ್ಟ್ ಕಾಲದ ರಿಮೋಟುಗಳಿಗೆ ಈ ಕೇಬಲ್ ಹೊಂದುವುದಿಲ್ಲ. ಬೆಸುಗೆಗೆ ಮೊದಲು ಮಾದರಿ ಸಂಖ್ಯೆ ನೋಡಿ.

ಕಂಪ್ಯೂಟರಿನಲ್ಲಿ ಇದಕ್ಕೆ ‘ರಿಮೋಟ್‌ಮಾಸ್ಟರ್’ ಎಂಬ ಉಚಿತ ತಂತ್ರಾಂಶವಿದೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. ಜೋಡಿಸಿದ ತಕ್ಷಣ ಮಾಡಬೇಕಾದ ಮೊದಲ ಕೆಲಸ ಬರೆಯುವುದಲ್ಲ, ಓದುವುದು. ರಿಮೋಟಿನಲ್ಲಿ ಈಗಿರುವುದನ್ನು ಓದಿ, ಹಾಗೆಯೇ ಒಂದು ಕಡತದಲ್ಲಿ ಉಳಿಸಿಟ್ಟುಕೊಳ್ಳಿ. ಏನೇ ಎಡವಟ್ಟಾದರೂ ವಾಪಸ್ ಹೋಗಲು ಅದೇ ದಾರಿ. ನಂತರ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ರಿಮೋಟಿಗೆ ಬರೆದು, ಟಿ.ವಿ. ಮುಂದೆ ನಿಂತು ಪರೀಕ್ಷಿಸಿ.

ಒಂದೇ ಗುಂಡಿಗೆ ಕನ್ನಡ

ನಮ್ಮ ಮನೆಯಲ್ಲಿ ಈ ಕೆಲಸ ಶುರುವಾದದ್ದು ಅವ್ವನಿಗಾಗಿ. ಬೇಕಾಗಿದ್ದು ಮೂರೇ ಸಂಗತಿ: ಚಂದನ ಬರಬೇಕು, ದನಿ ಏರಿಳಿಯಬೇಕು, ಬೇಡವಾದಾಗ ಆರಬೇಕು. ಹಲವು ಆಜ್ಞೆಗಳನ್ನು ಒಂದೇ ಗುಂಡಿಗೆ ಪೋಣಿಸುವುದನ್ನು ಮ್ಯಾಕ್ರೊ ಎನ್ನುತ್ತಾರೆ. ಟಿ.ವಿ. ಹಚ್ಚು, ಅದು ಪೂರ್ತಿ ಎಚ್ಚರವಾಗುವ ತನಕ ಕೆಲವು ಸೆಕೆಂಡ್ ಕಾಯಿ, ಎಚ್‌ಡಿಎಂಐ 1ಕ್ಕೆ ಹೋಗು, ಚಾನೆಲ್ಲಿನ ಅಂಕಿಗಳನ್ನು ಒತ್ತು.

ಇಲ್ಲೊಂದು ತೊಡಕಿದೆ. ಹೆಚ್ಚಿನ ರಿಮೋಟುಗಳಲ್ಲಿ ಪವರ್ ಗುಂಡಿ ಒಂದೇ. ಆರಿದ್ದರೆ ಹಚ್ಚುತ್ತದೆ, ಹತ್ತಿದ್ದರೆ ಆರಿಸುತ್ತದೆ. ಟಿ.ವಿ. ಮೊದಲೇ ಹತ್ತಿದ್ದಾಗ ಮ್ಯಾಕ್ರೊ ಗುಂಡಿ ಒತ್ತಿದರೆ ಟಿ.ವಿ. ಆರಿಹೋಗಿ, ಉಳಿದ ಆಜ್ಞೆಗಳು ಗಾಳಿಯ ಪಾಲು. ವಯಸ್ಸಾದವರು ಗುಂಡಿಯನ್ನು ಎರಡೆರಡು ಸಲ ಒತ್ತುವುದು ಸಹಜ, ಆಗ ಮತ್ತಷ್ಟು ಗೋಜಲು. ಇದಕ್ಕೆ ಪರಿಹಾರ ಟಿ.ವಿ.ಯೊಳಗೇ ಅಡಗಿರುತ್ತದೆ. ಎಷ್ಟೋ ಟಿ.ವಿ.ಗಳು ‘ಹತ್ತು’ ಎನ್ನುವುದಕ್ಕೊಂದು, ‘ಆರು’ ಎನ್ನುವುದಕ್ಕೊಂದು ಪ್ರತ್ಯೇಕ ಸಂಕೇತವನ್ನು ಅರ್ಥ ಮಾಡಿಕೊಳ್ಳುತ್ತವೆ. ಆದರೆ ಅವುಗಳಿಗೆ ಮನೆಯ ರಿಮೋಟಿನಲ್ಲಿ ಗುಂಡಿ ಕೊಟ್ಟಿರುವುದಿಲ್ಲ. ಎಚ್‌ಡಿಎಂಐ 1, ಎಚ್‌ಡಿಎಂಐ 2ಕ್ಕೆ ನೇರ ಹೋಗುವ ಸಂಕೇತಗಳೂ ಹೀಗೆಯೇ. ಆಜ್ಞೆ 8 ಬಿಟ್ಟಿನದಾದರೆ ಒಟ್ಟು 256 ಸಾಧ್ಯತೆ. ರಿಮೋಟಿನಲ್ಲಿ ಗುಂಡಿ ಇರುವುದು ನಲವತ್ತೋ ಐವತ್ತೋ. ಉಳಿದವುಗಳಲ್ಲಿ ಕೆಲವು ಜೀವಂತ. ಕೇಬಲ್ ಇದ್ದರೆ ಒಂದೊಂದನ್ನೇ ಕಳುಹಿಸಿ ನೋಡಬಹುದು. ಹುಡುಕುವಾಗ ಸರ್ವಿಸ್ ಮೆನು ತೆರೆದುಕೊಂಡರೆ ಏನನ್ನೂ ಮುಟ್ಟದೆ ಪ್ಲಗ್ ಕಿತ್ತು ಹೊರಬನ್ನಿ.

ನಮ್ಮ ಟಿ.ವಿ.ಗೆ ‘ಹತ್ತು’ ಸಂಕೇತ ಸಿಕ್ಕ ಮೇಲೆ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಬರುವುದು ಚಂದನವೇ. ಬಾಕ್ಸಿಗೆ ಅಂಥ ಸಂಕೇತ ಸಿಗಲಿಲ್ಲ, ಹಾಗಾಗಿ ಅದನ್ನು ಆರಿಸುವುದನ್ನೇ ಬಿಟ್ಟೆವು. ಬೇಡದ ಗುಂಡಿಗಳನ್ನೆಲ್ಲ ಕೇಬಲ್ ಮೂಲಕ ನಿಷ್ಕ್ರಿಯ ಮಾಡಿದ್ದಾಯಿತು. ‘ಸೋರ್ಸ್’ ಒತ್ತಿದರೂ ಈಗ ಏನೂ ಆಗುವುದಿಲ್ಲ. ಚಂದನದ ಗುಂಡಿಗೆ ಕುಂಕುಮದ ಬಣ್ಣದ ಚುಕ್ಕಿ ಅಂಟಿಸಿದೆವು.

ತೂತು ಇಲ್ಲದಿದ್ದರೆ?

ಆರು ತೂತಿನ ರಿಮೋಟು ಸಿಗದಿದ್ದರೂ ನಿರಾಶೆ ಬೇಡ. ಆರ್ಡುಯಿನೊ ಬೋರ್ಡು, ‘1738’ ಎಂಬ ಮೂರು ಕಾಲಿನ ಅವಕೆಂಪು ಗ್ರಾಹಕ, ಒಂದು ಅವಕೆಂಪು ಎಲ್‌ಇಡಿ ಸಾಕು. ಕೋಠಿಯಲ್ಲಿ ‘ಸೆವೆಂಟೀನ್ ಥರ್ಟಿಎಯ್ಟ್’ ಎಂದರೆ ತೆಗೆದುಕೊಡುತ್ತಾರೆ. ಕೆನ್ ಶಿರಿಫ್ ಎಂಬ ಅಮೆರಿಕದ ತಂತ್ರಜ್ಞ 2009ರಲ್ಲಿ ಬರೆದ, ಈಗಲೂ ಉಚಿತವಾಗಿ ಸಿಗುವ ‘ಐಆರ್‌ರಿಮೋಟ್’ ಎಂಬ ತಂತ್ರಾಂಶ ಸಂಗ್ರಹ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಪಕ್ಕದ ಮನೆಯವರ ಒಳ್ಳೆಯ ರಿಮೋಟನ್ನು ಗ್ರಾಹಕದ ಮುಂದೆ ಒತ್ತಿದರೆ ಸಂಕೇತ ಪರದೆಯ ಮೇಲೆ ಮೂಡುತ್ತದೆ. ಅದನ್ನೇ ಎಲ್‌ಇಡಿ ಮೂಲಕ ಮರಳಿ ನುಡಿಸಬಹುದು. ದೊಡ್ಡ ಗುಂಡಿ ಮೂರೇ ಇರುವ ರಿಮೋಟನ್ನು ಟಿಫಿನ್ ಡಬ್ಬಿಯಲ್ಲೂ ಕಟ್ಟಬಹುದು.

ಕೆಲವು ಮಿತಿಗಳಿವೆ. ಬ್ಲೂಟೂತ್ ಮೂಲಕವೇ ಮಾತನಾಡುವ ಹೊಸ ರಿಮೋಟುಗಳಿಗೆ ಈ ವಿದ್ಯೆ ನಡೆಯದು. ಎ.ಸಿ. ರಿಮೋಟು ಪ್ರತಿ ಸಲವೂ ಉಷ್ಣತೆ, ಫ್ಯಾನು, ವಿಧಾನ ಎಲ್ಲವನ್ನೂ ಒಟ್ಟಿಗೆ ಹೇಳುವುದರಿಂದ ಒಂದು ಗುಂಡಿಗೆ ಒಂದು ಸಂಕೇತ ಎಂಬ ಲೆಕ್ಕ ಅಲ್ಲಿ ಹೊಂದುವುದಿಲ್ಲ. ಬಾಡಿಗೆಗೆ ಬಂದ ಬಾಕ್ಸಿನ ಮೂಲ ರಿಮೋಟನ್ನು ಬಿಚ್ಚಬೇಡಿ, ಅದು ಕಂಪನಿಯ ಆಸ್ತಿ.

ಊರಿಗೂ ಒಂದು

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ನೇಮಿಸಿ, ಅದೇ ಡಿಸೆಂಬರಿನಲ್ಲಿ ಅದಕ್ಕಾಗಿ ಜಾಲತಾಣವನ್ನೂ ತೆರೆಯಿತು. ಇ–ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅವು ತಮ್ಮ ಕೆಲಸ ಮಾಡಲಿ. ಆದರೆ ಬಿಸಾಡುವ ಮೊದಲು ಮುಚ್ಚಳ ತೆಗೆದು ನೋಡುವ ಕೆಲಸ ನಮ್ಮದು. ಯಂತ್ರ ಹೇಳಿದಂತೆ ಮನೆಯ ಹಿರಿಯರು ಕೇಳಬೇಕೆಂಬ ಶಾಸನವೇನೂ ಇಲ್ಲ.

ಹೊರಗಿರುವ ನಮಗೆ ಇದರಲ್ಲಿ ಇನ್ನೊಂದು ಲಾಭವಿದೆ. ‘ಟಿ.ವಿ. ಹೋಗಿದೆ’ ಎಂದು ಊರಿನಿಂದ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ನಿಜವಾಗಿ ಕೆಟ್ಟದ್ದಲ್ಲ, ಯಾವುದೋ ಗುಂಡಿ ಒತ್ತಿದ್ದರ ಫಲ. ಮುಂದಿನ ಹಬ್ಬಕ್ಕೆ ಊರಿಗೆ ಹೋಗುವಾಗ ಲ್ಯಾಪ್‌ಟಾಪ್ ಜೊತೆ ಕೇಬಲ್ಲನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅಲ್ಲಿನ ಟಿ.ವಿ., ಬಾಕ್ಸಿಗೆ ತಕ್ಕಂತೆ ಒಂದು ರಿಮೋಟ್ ಬರೆದುಕೊಟ್ಟು, ಕಡತದ ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಆ ರಿಮೋಟ್ ಕಳೆದುಹೋದರೂ ಅದೇ ಮಾದರಿಯ ಇನ್ನೊಂದಕ್ಕೆ ಹತ್ತು ನಿಮಿಷದಲ್ಲಿ ತುಂಬಿಸಿ, ಬೀದರ್ ಬಸ್ಸಿಗೆ ಹೊರಟ ಯಾರ ಕೈಯಲ್ಲಾದರೂ ಕಳುಹಿಸಬಹುದು.