ಟಿಕೆಟ್ಟು ಊರಿನವರಿಗೆ ಮಾತ್ರವೇ?

ನಮ್ಮ ಕಡೆ ಮದುವೆ ಮನೆಯಲ್ಲಿ ಮೊದಲನೆಯ ಪಂಕ್ತಿ ಬೀಗರಿಗೆ, ಎರಡನೆಯದು ಪರಊರಿನಿಂದ ಬಂದವರಿಗೆ. ಮನೆಯವರು ಎಲೆ ಮುಂದೆ ಕೂರುವುದು ಕಟ್ಟಕಡೆಗೆ, ಪಾಯಸದ ಪಾತ್ರೆ ತಳ ಕಂಡ ಮೇಲೆ. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಮನೆಯವರಿಗೆ ಎಲೆಯೇ ಇಲ್ಲ ಎಂದುಬಿಟ್ಟರೆ? ಕ್ರಿಕೆಟ್ಟಿನ ವಿಷಯ ಬಂದಾಗಲೆಲ್ಲ ನನ್ನ ಮಗ ಕೇಳುವುದು ಇದೇ ಪ್ರಶ್ನೆಯನ್ನು.

"ಅಮ್ಮಾ, ಬೆಂಗಳೂರಿನ ಹೆಸರಿಟ್ಟುಕೊಂಡ ಟೀಮು, ಬೆಂಗಳೂರಿನ ಮೈದಾನ. ಆದ್ರೆ ಟಿಕೆಟ್ಟು ಮಾತ್ರ ಯಾರ್ಯಾರಿಗೋ ಸಿಗುತ್ತೆ. ಮೊದಲು ನಮ್ಮ ರಾಜ್ಯದೋರಿಗೆ ಮಾರಿ ಆಮೇಲೆ ಉಳಿದೋರಿಗೆ ಕೊಟ್ರೆ ಏನಂತೆ?" ಎನ್ನುತ್ತಾನೆ ಅವನು. ಪಕ್ಕದ ಮನೆಯ ಅಕ್ಕ ಇನ್ನೂ ಒಂದು ಹೆಜ್ಜೆ ಮುಂದೆ. "ಆಮೇಲೂ ಯಾಕ್ ಕೊಡ್ಬೇಕು? ಆಧಾರ್ ಕಾರ್ಡ್ ನೋಡಿ ಒಳಕ್ಕೆ ಬಿಡ್ಲಿ" ಅಂತ ಅವರ ತೀರ್ಪು.

ಒಲೆ ಮುಂದೆ ನಿಲ್ಲುವವಳಿಗೆ ಕ್ರಿಕೆಟ್ಟಿನ ಉಸಾಬರಿ ಏಕೆ ಎಂದು ನೀವು ನಗಬಹುದು. ನಾನು ಹೈಸ್ಕೂಲು ಮೆಟ್ಟಿಲು ಹತ್ತಿದ ಕಾಲದಿಂದಲೂ ಈ ಹುಚ್ಚು ನನಗಿದೆ. 1996ರ ಅಕ್ಟೋಬರ್ 21ರಂದು ಚಿನ್ನಸ್ವಾಮಿ ಮೈದಾನದಲ್ಲಿ ಆಸ್ಟ್ರೇಲಿಯಾ ವಿರುದ್ಧ ಎಂಟು ವಿಕೆಟ್ ಬಿದ್ದು, ಇನ್ನು ಮುಗಿಯಿತು ಎನ್ನುವಾಗ ಜಾವಗಲ್ ಶ್ರೀನಾಥ್ ಮತ್ತು ಅನಿಲ್ ಕುಂಬ್ಳೆ ಸೇರಿ ಗೆಲ್ಲಿಸಿದರಲ್ಲ, ಆ ಆಟವನ್ನು ಪಕ್ಕದ ಬೀದಿಯವರ ಟಿ.ವಿ. ಮುಂದೆ ನೆಲದ ಮೇಲೆ ಕೂತು ನೋಡಿದವಳು ನಾನು. ಜಾವಗಲ್ ನಮ್ಮ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಊರು. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಾದರೂ ಹೆಸರಿನ ಮುಂದೆ ನಮ್ಮ ಊರಿದೆ. ಅವತ್ತು ನಾವೆಲ್ಲ "ನಮ್ಮೋನು, ನಮ್ಮೋನು" ಅಂತ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು.

ಹಾಗಾಗಿ ಮಗನ ಮಾತು ಕೇಳಿದಾಗ ಮೊದಲು ನನಗೂ ಸರಿ ಅನ್ನಿಸಿತು. ಅವನ ಸಂಕಟ ನಾನು ಕಂಡವಳೇ. ಬೆಂಗಳೂರಿನ ಹಾಸ್ಟೆಲಿನಲ್ಲಿ ಓದುತ್ತಿರುವ ಹುಡುಗ, ಟಿಕೆಟ್ಟು ಬಿಡುವ ಹೊತ್ತಿಗೆ ಮೊಬೈಲು ಹಿಡಿದು ಕೂತರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲ ಖಾಲಿ. ಮಾರನೆಯ ದಿನ ಯಾರೋ ಒಬ್ಬ ಅದೇ ಟಿಕೆಟ್ಟಿಗೆ ಮೂರರಷ್ಟು ಬೆಲೆ ಹೇಳಿದನಂತೆ. ಅವನ ಅಪ್ಪ ಕಳಿಸುವ ತಿಂಗಳ ಊಟದ ದುಡ್ಡಿಗೆ ಅದು ಸಮ. ಅವನು ತೆಗೆದುಕೊಳ್ಳಲಿಲ್ಲ, ನಾನೂ ಬೇಡ ಅಂದೆ.

ಆದರೆ ನನ್ನ ಅಭಿಪ್ರಾಯ ಅಲುಗಾಡಿದ್ದು 2024ರ ಮೇ 18ರಂದು. ನನ್ನ ಅಣ್ಣನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಮದುವೆಯಾಗಿರುವುದು ಚೆನ್ನೈ ಕಡೆಯ ಹುಡುಗನನ್ನು. ಅಂದು ಬೆಂಗಳೂರಿಗೂ ಚೆನ್ನೈಗೂ ಆಟ. "ಅತ್ತೆ, ಒಂದು ಟಿಕೆಟ್ ಹೆಚ್ಚಿಗೆ ಇದೆ, ಬಂದ್ಬಿಡಿ" ಅಂದಳು. ಹಾಸನದಿಂದ ಬಸ್ಸು ಹತ್ತಿ ಹೊರಟೆ. ಜೀವಮಾನದಲ್ಲಿ ಮೊದಲ ಬಾರಿ ಆ ಮೈದಾನದ ಒಳಗೆ ಕಾಲಿಟ್ಟೆ.

ನನ್ನ ಎಡಗಡೆ ಅಣ್ಣನ ಮಗಳು ಕೆಂಪು ಅಂಗಿಯಲ್ಲಿ, ಬಲಗಡೆ ಅವಳ ಗಂಡ ಹಳದಿ ಅಂಗಿಯಲ್ಲಿ. ಮೂರು ಓವರ್ ಆಗುವಷ್ಟರಲ್ಲಿ ಮಳೆ ಬಂತು. ಆ ಹುಡುಗ ತನ್ನ ಕೋಟನ್ನು ನನ್ನ ತಲೆಯ ಮೇಲೆ ಹಿಡಿದು ನಿಂತ. ಮಳೆ ನಿಂತು, ಆಟ ನಡೆದು, ಮಧ್ಯರಾತ್ರಿ ದಾಟಿದ ಮೇಲೆ ನಮ್ಮವರು 27 ರನ್ನಿನಿಂದ ಗೆದ್ದರು. ಅವನ ಮುಖ ಬಾಡಿತ್ತು. ಆದರೂ "ಅತ್ತೆ, ಬಂದಿದ್ದಕ್ಕೂ ಸಾರ್ಥಕ ಆಯ್ತಲ್ಲ" ಅಂತ ಕಾಫಿ ತಂದುಕೊಟ್ಟ. ಎದುರು ಪಕ್ಷದವನು ಒಬ್ಬ ಪಕ್ಕದಲ್ಲಿ ಇಲ್ಲದಿದ್ದರೆ ಗೆದ್ದ ಸಂತೋಷಕ್ಕೆ ರುಚಿಯೇ ಇರುತ್ತಿರಲಿಲ್ಲ ಎಂದು ನನಗೆ ಅವತ್ತು ಗೊತ್ತಾಯಿತು.

ಮನೆಗೆ ಬಂದ ಮೇಲೆ ಯೋಚಿಸಿದೆ. ಆ ಹುಡುಗನ ಆಧಾರ್ ಕಾರ್ಡಿನಲ್ಲಿರುವುದು ಬೆಂಗಳೂರಿನ ವಿಳಾಸ. ನನ್ನದರಲ್ಲಿರುವುದು ದೊಡ್ಡಗದ್ದವಳ್ಳಿ. "ಬೆಂಗಳೂರಿನವರಿಗೆ ಮಾತ್ರ" ಎಂದರೆ ಹಳದಿ ಅಂಗಿಯವನು ಒಳಗೆ, ಕೆಂಪು ತಂಡಕ್ಕೆ ಹರಕೆ ಹೊತ್ತ ನಾನು ಹೊರಗೆ! "ಕರ್ನಾಟಕದವರಿಗೆ ಮಾತ್ರ" ಎಂದರೂ ಅವನು ಒಳಗೇ. ಬದಲಿಗೆ ಮುಂಬಯಿಯಲ್ಲೋ ಕಾಸರಗೋಡಿನಲ್ಲೋ ಇರುವ ಕನ್ನಡದ ಮಕ್ಕಳು ಹೊರಗೆ. ವಿಳಾಸ ನೋಡಿ ಅಭಿಮಾನ ಅಳೆಯುವುದು ಸೇರಿನಲ್ಲಿ ಬಟ್ಟೆ ಅಳೆದಂತೆ.

ಹೊರದೇಶದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ 2014ರ ಜನವರಿಯಲ್ಲಿ ಸಿಯಾಟಲ್ ನಗರದ ಫುಟ್‌ಬಾಲ್ ತಂಡ, ಸ್ಯಾನ್ ಫ್ರಾನ್ಸಿಸ್ಕೋ ತಂಡದೊಡನೆ ಆಡಬೇಕಿದ್ದ ದೊಡ್ಡ ಪಂದ್ಯಕ್ಕೆ, ತನ್ನ ಸುತ್ತಮುತ್ತಲ ಕೆಲವು ರಾಜ್ಯಗಳ ಮತ್ತು ಪಕ್ಕದ ಕೆನಡಾದ ಎರಡು ಪ್ರಾಂತ್ಯಗಳ ವಿಳಾಸದ ಕಾರ್ಡಿಗೆ ಮಾತ್ರ ಟಿಕೆಟ್ಟು ಮಾರಿತು. ಎದುರಾಳಿಯ ಊರಿರುವ ಕ್ಯಾಲಿಫೋರ್ನಿಯಾಕ್ಕೆ ಬಾಗಿಲು ಬಂದ್. ಸಿಯಾಟಲ್ ಗೆದ್ದಿತು, ನಿಜ. ಆದರೆ ಟಿಕೆಟ್ಟು ಸಿಗದ ಎದುರಾಳಿ ಅಭಿಮಾನಿಯೊಬ್ಬ ಕೋರ್ಟಿನ ಮೆಟ್ಟಿಲು ಹತ್ತಿದ.

ಫುಟ್‌ಬಾಲ್ ವಿಶ್ವಕಪ್ಪಿನವರದು ಬೇರೆ ದಾರಿ. 2010ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ, 2014ರಲ್ಲಿ ಬ್ರೆಜಿಲಿನಲ್ಲಿ, ಎಲ್ಲಕ್ಕಿಂತ ಅಗ್ಗದ ದರ್ಜೆಯ ಟಿಕೆಟ್ಟುಗಳನ್ನು ಆಯಾ ದೇಶದಲ್ಲಿ ವಾಸವಾಗಿರುವವರಿಗೆಂದೇ ಮೀಸಲಿಟ್ಟರು. ಉಳಿದ ದರ್ಜೆಗಳು ಪ್ರಪಂಚಕ್ಕೆಲ್ಲ. ಅಂದರೆ ಮನೆಯವರಿಗೂ ಎಲೆ ಉಂಟು, ನೆಂಟರಿಗೂ ಎಲೆ ಉಂಟು.

ಇಂಥ ಪದ್ಧತಿ ನಮಗೆ ಹೊಸದೇನಲ್ಲ. ರಾಷ್ಟ್ರೀಯ ಹೆದ್ದಾರಿಯ ಟೋಲ್ ಗೇಟಿನಲ್ಲಿ, 20 ಕಿಲೋಮೀಟರ್ ಒಳಗಿರುವವರ ಸ್ವಂತ ವಾಹನಕ್ಕೆ ಕಡಿಮೆ ದರದ ತಿಂಗಳ ಪಾಸು ಕೊಡುತ್ತಾರೆ. ಹೊರಗಿನವರನ್ನು ತಡೆಯುವುದಿಲ್ಲ. ದಿನಾ ಹೊಗೆ ಧೂಳು ಕುಡಿಯುವವರಿಗೆ ಒಂದು ರಿಯಾಯಿತಿ, ಅಷ್ಟೆ.

ಚಿನ್ನಸ್ವಾಮಿ ಮೈದಾನಕ್ಕೂ ಇದೇ ನ್ಯಾಯ ಹೊಂದುತ್ತದೆ ಎಂದು ನನಗನ್ನಿಸುತ್ತದೆ. 1969ರಲ್ಲಿ ಅದಕ್ಕೆ ಅಡಿಗಲ್ಲು ಬಿದ್ದದ್ದು ರಾಜ್ಯ ಸರ್ಕಾರದ ಆಸರೆಯಿಂದ. ಆಟದ ದಿನ ಕಾವಲಿಗೆ ನಿಲ್ಲುವವರು ನಮ್ಮ ಪೊಲೀಸರು, ರಸ್ತೆ ಕಟ್ಟಿ ಕಷ್ಟಪಡುವವರು ಆ ಊರಿನ ಜನ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿಗೆ ಹಾಹಾಕಾರವಾದಾಗ ಮೈದಾನದ ಹುಲ್ಲಿಗೆ ಶುದ್ಧೀಕರಿಸಿದ ಕೊಳಚೆ ನೀರು ಕೊಡುವ ಏರ್ಪಾಡಾಯಿತು. ಭಾರ ಹೊರುವವರಿಗೆ ಒಂದು ಪಾಲು ಇರಲಿ ಎಂದರೆ ಅದು ಸ್ವಾರ್ಥವಲ್ಲ.

ಹಾಗಂತ ಪೂರ್ತಿ ನಮಗೇ ಬೇಕು ಎನ್ನಲು ನಮಗೆ ಬಾಯಿ ಎಲ್ಲಿದೆ? 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಹದಿನೆಂಟು ವರ್ಷದ ಹಂಬಲ ತೀರಿ ಬೆಂಗಳೂರು ತಂಡ ಕಪ್ಪು ಗೆದ್ದಿತಲ್ಲ, ಅಂದು ನಾಯಕನಾಗಿದ್ದ ರಜತ್ ಪಾಟಿದಾರ್ ಮಧ್ಯಪ್ರದೇಶದವರು. ನಾವು ಮನೆಮಗನಂತೆ ಕಾಣುವ ವಿರಾಟ್ ಕೊಹ್ಲಿ ದೆಹಲಿಯವರು. ಅಂದು ಆಡಿದವರಲ್ಲಿ ನಮ್ಮ ರಾಜ್ಯದ ಮಯಾಂಕ್ ಅಗರವಾಲ್ ಇದ್ದರು, ಆದರೆ ಹೊರಗಿನವರೇ ಹೆಚ್ಚು. ಆಡಲು ಪರಊರಿನವರು ಬೇಕು, ನೋಡಲು ಬೇಡ ಎನ್ನುವುದು ಸರಿಯೇ?

ಆ ಕಪ್ಪಿನ ಮರುದಿನ, ಜೂನ್ 4, ನಮ್ಮ ಮನೆಯಲ್ಲಿ ಯಾರೂ ಮರೆಯುವುದಿಲ್ಲ. ಮಗ ಬೆಳಿಗ್ಗೆ ಫೋನ್ ಮಾಡಿ "ಟೀಮು ಬರ್ತಿದೆಯಮ್ಮ, ನೋಡ್ಕೊಂಡು ಬರ್ತೀನಿ" ಅಂದಿದ್ದ. ಸಂಜೆ ಟಿ.ವಿ.ಯಲ್ಲಿ ಮೈದಾನದ ಗೇಟಿನ ಹತ್ತಿರ ನೂಕುನುಗ್ಗಲು ಎಂದು ಬಂತು. ಅವನ ಫೋನು ಹತ್ತುತ್ತಿಲ್ಲ. ಒಲೆ ಮೇಲಿಟ್ಟ ಸಾರು ಸೀದು ತಳ ಹಿಡಿದದ್ದೂ ನನಗೆ ಗೊತ್ತಾಗಲಿಲ್ಲ. ನಮ್ಮೆಜಮಾನರು ಅಂಗಳದಲ್ಲಿ ಸುಮ್ಮನೆ ಶತಪಥ ತಿರುಗುತ್ತಿದ್ದರು. ರಾತ್ರಿ ಎಂಟೂವರೆಗೆ ಯಾರದೋ ಫೋನಿನಿಂದ ಅವನ ಧ್ವನಿ ಕೇಳಿತು. "ಅಮ್ಮಾ, ಚಪ್ಪಲಿ ಹೋಯ್ತು, ನಾನು ಚೆನ್ನಾಗಿದ್ದೀನಿ." ಆ ದಿನ ಹನ್ನೊಂದು ಮನೆಗಳಿಗೆ ಅಂಥ ಫೋನು ಬರಲಿಲ್ಲ. ಹೋದವರಲ್ಲಿ ನಮ್ಮ ಹಾಸನ ಜಿಲ್ಲೆಯ ಮನೆಯೊಂದರ ಕುಡಿಯೂ ಇತ್ತು, ತಮಿಳುನಾಡಿನ ಹೆಣ್ಣುಮಗಳೂ ಇದ್ದಳು.

ಅದಾದ ಮೇಲೆ "ನಮ್ಮೋರಿಗೆ ಮಾತ್ರ" ಎಂಬ ಮಾತು ನನ್ನ ಬಾಯಿಗೆ ಬರುವುದಿಲ್ಲ. ಅಂದು ಗೇಟಿನ ಮುಂದಿದ್ದವರು ಬಹುಪಾಲು ನಮ್ಮ ರಾಜ್ಯದವರೇ. ಹೊರಗಿನವರನ್ನೆಲ್ಲ ತಡೆದಿದ್ದರೂ ಜಾಗ ಸಾಲುತ್ತಿರಲಿಲ್ಲ. ಮೈದಾನದಲ್ಲಿ ಕೂರಲು ಸುಮಾರು 35 ಸಾವಿರ ಜನಕ್ಕೆ ಮಾತ್ರ ಸ್ಥಳ. ಮನೆಲೆಕ್ಕ ಬರೆಯುವ ಪುಸ್ತಕದ ಹಿಂದೆ ನಾನೇ ಒಂದು ಲೆಕ್ಕ ಹಾಕಿದೆ. ವರ್ಷಕ್ಕೆ ಏಳು ಪಂದ್ಯ ಎಂದರೆ 2 ಲಕ್ಷ 45 ಸಾವಿರ ಸೀಟು. 2011ರ ಜನಗಣತಿಯಲ್ಲೇ ಕರ್ನಾಟಕದ ಜನ 6 ಕೋಟಿ 11 ಲಕ್ಷ. ಒಂದೂ ಟಿಕೆಟ್ಟು ಹೊರಗೆ ಕೊಡದಿದ್ದರೂ ಸುಮಾರು 250 ಜನಕ್ಕೆ ಒಂದು ಬರುತ್ತದೆ. ಅಂದರೆ ಐದು ಜನರ ಐವತ್ತು ಮನೆಗೆ, ಇಡೀ ವರ್ಷಕ್ಕೆ, ಒಂದೇ ಒಂದು! ನಮ್ಮ ಬೀದಿಯಲ್ಲಿ ಅದನ್ನು ಹಂಚಿದರೆ ಜಗಳವಾಗುವುದು ಚೆನ್ನೈಯವರ ಜೊತೆಯಲ್ಲ, ನಮ್ಮನಮ್ಮಲ್ಲೇ.

ಆದ್ದರಿಂದ ಕೇಳಬೇಕಾದದ್ದು "ಯಾವ ಊರಿನವರು" ಎಂದಲ್ಲ, "ಹಂಚುವುದು ಹೇಗೆ" ಎಂದು. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ತೆರೆದಾಗ ನಮಗೆ ಇದೇ ಅನುಭವ. 2025ರಲ್ಲೂ 300 ರೂಪಾಯಿಗೆ ಒಂದು ಸಾಲು, 1000 ರೂಪಾಯಿಗೆ ಒಂದು ಸಾಲು, ದುಡ್ಡಿಲ್ಲದವರಿಗೆ ಧರ್ಮದರ್ಶನದ ಸಾಲು. ಊರವರೇ ಗಂಟೆಗಟ್ಟಲೆ ನಿಂತರು. ಆದರೆ ದುಡ್ಡಿಲ್ಲದವರಿಗೂ ಒಂದು ಸಾಲು ಇತ್ತಲ್ಲ! ಕ್ರಿಕೆಟ್ಟಿಗೆ ಅದೂ ಇಲ್ಲ. ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ಐ.ಪಿ.ಎಲ್. ಟಿಕೆಟ್ಟಿನ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 40ಕ್ಕೆ ಏರಿತು.

ನನಗೆ ತೋಚಿದ್ದು ಇಷ್ಟು. ಒಂದು, ಅಗ್ಗದ ದರ್ಜೆಯ ಟಿಕೆಟ್ಟುಗಳಲ್ಲಿ ಒಂದು ಭಾಗ ರಾಜ್ಯದವರಿಗೆ ಮೀಸಲಿರಲಿ, ಅದನ್ನು ಚೀಟಿ ಎತ್ತಿ ಕೊಡಲಿ. ಬೆರಳು ಚುರುಕಿದ್ದವನಿಗಲ್ಲ, ಅದೃಷ್ಟವಿದ್ದವನಿಗೆ ಸಿಗಲಿ. ಎರಡು, ಆ ಪಾಲಿನಲ್ಲಿ ಜಿಲ್ಲೆಗಳಿಗೂ ಸ್ವಲ್ಪ ಹಂಚಲಿ. ಬೆಂಗಳೂರಿನ ಆಚೆಗೂ ಕರ್ನಾಟಕ ಇದೆ. ಮೂರು, ಟಿಕೆಟ್ಟಿನ ಮೇಲೆ ಕೊಂಡವರ ಹೆಸರಿರಲಿ, ಕಾಳಸಂತೆ ತಾನಾಗಿ ಬಾಡುತ್ತದೆ. ನಾಲ್ಕು, ಉಳಿದದ್ದು ಎಲ್ಲರಿಗೂ ತೆರೆದಿರಲಿ, ಹಳದಿ ಅಂಗಿಯವರಿಗೂ. ಐದು, ಪುಕ್ಕಟೆ ಪಾಸು ಯಾರ್ಯಾರಿಗೆ ಎಷ್ಟೆಷ್ಟು ಹೋಯಿತೆಂದು ಗೇಟಿನಲ್ಲಿ ಬರೆದು ಹಾಕಲಿ. ಮದುವೆ ಮನೆಯಲ್ಲಿ ಮುಯ್ಯಿ ಪುಸ್ತಕ ಬರೆಯುವುದಿಲ್ಲವೇ, ಹಾಗೆ.

ಇನ್ನೊಂದು ಮಾತು ನಮ್ಮ ಹೆಣ್ಣುಮಕ್ಕಳದು. 2023ರಲ್ಲಿ ಮಹಿಳೆಯರ ಲೀಗ್ ಮುಂಬಯಿಯಲ್ಲಿ ಶುರುವಾದಾಗ ಹೆಂಗಸರಿಗೆ, ಹುಡುಗಿಯರಿಗೆ ಪ್ರವೇಶ ಉಚಿತವಾಗಿತ್ತು. 2025ರ ಮಹಿಳಾ ವಿಶ್ವಕಪ್ಪಿನ ಟಿಕೆಟ್ಟು ನೂರು ರೂಪಾಯಿಯಿಂದ ಆರಂಭವಾಗಿತ್ತು. ಬೆಂಗಳೂರಿಗೆಂದು ಗೊತ್ತಾಗಿದ್ದ ಪಂದ್ಯಗಳು ಜೂನಿನ ದುರಂತದ ಮೇಲೆ ಬೇರೆಡೆಗೆ ಹೋದವು. ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ನಮ್ಮ ಹುಡುಗಿಯರು ಕಪ್ಪು ಎತ್ತಿದಾಗ ನನ್ನ ಮಗಳು ಟಿ.ವಿ. ಮುಂದೆ ಕುಣಿದಳು, ಆಮೇಲೆ "ಬೆಂಗಳೂರಲ್ಲಿ ಒಂದಾದ್ರೂ ಮ್ಯಾಚ್ ಆಗಿದ್ರೆ ನೋಡಬಹುದಿತ್ತಲ್ಲಮ್ಮ" ಎಂದು ಮುಖ ಸಣ್ಣದು ಮಾಡಿಕೊಂಡಳು. ಅವಳ ಟಿಕೆಟ್ಟನ್ನು ಪರಊರಿನವರು ಕಿತ್ತುಕೊಂಡಿರಲಿಲ್ಲ. ನಮ್ಮ ಅಜಾಗರೂಕತೆ ಕಿತ್ತುಕೊಂಡಿತ್ತು.

ನಮ್ಮೂರಿನ ಲಕ್ಷ್ಮೀದೇವಿ ಗುಡಿ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. 1113ರ ಸುಮಾರಿಗೆ ಅದನ್ನು ಕಟ್ಟಿಸಿದವರು ಒಬ್ಬ ವರ್ತಕ ಮತ್ತು ಆತನ ಮಡದಿ ಸಹಜಾದೇವಿ. ಬಂದವರಿಗೆ ನಾವು ಊರು ಕೇಳುತ್ತೇವೆ, ಒಳಗೆ ಬಿಡಲಿಕ್ಕಲ್ಲ, ಮಾತಾಡಿಸಲಿಕ್ಕೆ. ಅಲ್ಲಿ ಜಾಗ ಇದೆ, ಹಾಗಾಗಿ ಜಗಳ ಇಲ್ಲ. ಜಾಗ ಕಡಿಮೆ ಇದ್ದಲ್ಲಿ ನಿಯಮ ಬೇಕು. ಆ ನಿಯಮ ಮನೆಯವರನ್ನು ಉಪವಾಸ ಕೆಡವಬಾರದು, ನೆಂಟರನ್ನು ಹೊಸ್ತಿಲಲ್ಲೇ ತಿರುಗಿಸಲೂಬಾರದು.

ಇಷ್ಟನ್ನೆಲ್ಲ ಓದಿ ಹೇಳಿದ ಮೇಲೆ ಪಕ್ಕದ ಮನೆಯ ಅಕ್ಕ, "ಅದೆಲ್ಲಾ ಸರಿ ಕಣೆ, ಚೀಟಿ ಎತ್ತುವಾಗ ನನ್ನ ಹೆಸರೂ ಬರೆಸು" ಅಂದರು. ಸೋದರಿಯರೇ, ನೀವೇನಂತೀರಿ?