'ಬರೀ ಎಂಬಿಬಿಎಸ್ಸಾ?'

ತುಮಕೂರು ರಸ್ತೆಯ ಪಕ್ಕದ ಅರಿಶಿನಕುಂಟೆ ನಮ್ಮೂರು. ನಮ್ಮಜ್ಜಿಗೆ ಮಂಡಿನೋವಿಗೆ ಒಬ್ಬ ಡಾಕ್ಟರ್, ಸೊಂಟಕ್ಕೆ ಇನ್ನೊಬ್ಬರು, ಬಿಪಿ–ಶುಗರ್‌ಗೆ ಮತ್ತೊಬ್ಬರು. ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ನೋಡುತ್ತಿರಲಿಲ್ಲ. ನಾವೂ ತೋರಿಸುತ್ತಿರಲಿಲ್ಲ ಅನ್ನಿ.

ಒಂದು ದಿನ ಅಜ್ಜಿಯ ಕಾಲು ಊದಿಕೊಂಡವು. ಕಿಡ್ನಿ ತಜ್ಞರಿಗೆ ತೋರಿಸೋಣ ಅಂತ ಮನೆಯಲ್ಲಿ ಮಾತಾಯಿತು. ಅದಕ್ಕೂ ಮೊದಲು ಪಕ್ಕದ ಬೀದಿಯ ಹಿರಿಯ ಡಾಕ್ಟರ್ ಬಳಿ ಹೋದೆವು. ಮನೆಯಲ್ಲಿದ್ದ ಅಷ್ಟೂ ಮಾತ್ರೆ ತರಿಸಿ ಮೇಜಿನ ಮೇಲೆ ಸುರಿದರು. ಹೆಸರು ಬೇರೆ ಬೇರೆಯಾದರೂ ಎರಡು ನೋವಿನ ಮಾತ್ರೆಗಳಲ್ಲಿ ಇದ್ದದ್ದು ಒಂದೇ ಔಷಧ! ಅಜ್ಜಿ ತಿಂಗಳಿಂದ ಅದನ್ನು ದುಪ್ಪಟ್ಟು ನುಂಗುತ್ತಿದ್ದಳು. 'ಇದು ಜಾಸ್ತಿಯಾದ್ರೆ ಕಾಲೂ ಊದುತ್ತೆ, ಬಿಪಿನೂ ಏರುತ್ತೆ ಕಣಮ್ಮ. ಮೊದಲು ನಿಲ್ಸಿ, ರಕ್ತ ಪರೀಕ್ಷೆ ಮಾಡಿಸೋಣ' ಅಂದರು. ರಿಪೋರ್ಟ್ ಸರಿಯಾಗಿತ್ತು. ಎರಡು ವಾರದಲ್ಲಿ ಊತ ಇಳಿಯಿತು.

ಅವರ ಬೋರ್ಡಿನಲ್ಲಿ ಎಂಬಿಬಿಎಸ್ ಅಂತಷ್ಟೇ ಇದೆ. 'ಬರೀ ಎಂಬಿಬಿಎಸ್ಸಾ?' ಎಂದು ಮೂಗು ಮುರಿಯುವವರು ನಾವೇ. ಆ 'ಬರೀ' ಹಿಂದೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಇರುತ್ತದೆ.

ನೀಟ್‌ಗೆ ಓದುತ್ತಿರುವ ನನ್ನ ಗೆಳೆಯರಲ್ಲಿ ಬಹಳಷ್ಟು ಮಂದಿಗೆ ಹೃದಯ ತಜ್ಞರೇ ಆಗಬೇಕು. ಫ್ಯಾಮಿಲಿ ಮೆಡಿಸಿನ್ ಎಂಬ ಸ್ನಾತಕೋತ್ತರ ವಿಷಯ ಇರುವುದೇ ಅವರಿಗೆ ಗೊತ್ತಿರಲಿಲ್ಲ. ಎಂಬಿಬಿಎಸ್ ಮುಗಿಸಿ ನೀಟ್ ಪಿಜಿ ಬರೆದು ಮೂರು ವರ್ಷ ಎಂಡಿ ಅಥವಾ ಡಿಎನ್‌ಬಿ ಮಾಡಬಹುದು. ಮಕ್ಕಳ ಜ್ವರದಿಂದ ಹಿಡಿದು ಹೆರಿಗೆ, ಮಾನಸಿಕ ಆರೋಗ್ಯ, ತುರ್ತು ಚಿಕಿತ್ಸೆಯವರೆಗೆ ಬೇರೆ ಬೇರೆ ವಿಭಾಗಗಳಲ್ಲಿ ಕಲಿಕೆ. ಯಾವುದನ್ನು ಇಲ್ಲೇ ವಾಸಿ ಮಾಡಬಹುದು, ಯಾರನ್ನು ಈಗಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕು ಎಂದು ಗುರುತಿಸುವುದೇ ಇದರ ಕಷ್ಟದ ಪಾಠವಂತೆ. ಬ್ರಿಟನ್ನಿನ ಸರ್ಕಾರಿ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಕುಟುಂಬ ವೈದ್ಯರ ಮೂಲಕವೇ ತಜ್ಞರ ಬಳಿ ಹೋಗಬೇಕು. ನಮ್ಮ 2002ರ ರಾಷ್ಟ್ರೀಯ ಆರೋಗ್ಯ ನೀತಿಯೂ, 2017ರದ್ದೂ ಇಂಥ ವೈದ್ಯರು ಹೆಚ್ಚಬೇಕು ಎಂದಿವೆ. ಸೀಟುಗಳು ಮಾತ್ರ ಇನ್ನೂ ಕಡಿಮೆ. ಬಯಲು ಪ್ರದೇಶದಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಅಲ್ಲಿ ಮೊದಲು ಸಿಗಬೇಕಾದವರು ಇವರೇ ತಾನೆ?

ನಮ್ಮ ಡಾಕ್ಟರಿಗೆ ಎಪ್ಪತ್ತು ದಾಟಿದೆ. ಮಗಳು ರೇಡಿಯಾಲಜಿಸ್ಟ್, ಊರಿಗೆ ಬರುವುದಿಲ್ಲ. ಈಗ ಕ್ಲಿನಿಕ್ ತೆಗೆಯುವುದು ಸಂಜೆ ಮಾತ್ರ. ಅಜ್ಜಿ ಮಾತ್ರೆಗಳ ಕವರ್ ಹಿಡಿದು ಐದೂವರೆಗೇ ಬೆಂಚಿನ ಮೇಲೆ ಕೂತಿರುತ್ತಾಳೆ.